ಮರಿಗೆ ಹೆಸರಿಡುವ ಮುನ್ನ

ಮಳೆಗಾಲದ ಗುಂಡಿಯಲ್ಲಿ ಬಾಲವಾಡಿಸುತ್ತ ಈಜುವ ಗೊದಮೊಟ್ಟೆಯನ್ನು ನೀವೆಲ್ಲರೂ ಕಂಡಿದ್ದೀರಿ. ಕಪ್ಪೆಯನ್ನೆಂದೂ ಕಾಣದವನ ಕೈಗೆ ಅದನ್ನಿತ್ತರೆ ಆತನು ಮೀನೆಂದೇ ಬರೆದಿಡುವನು. ಅವನ ಕಣ್ಣು ಸುಳ್ಳಾಡಿಲ್ಲ. ಅವಸರವು ಅವನನ್ನು ಮೋಸಗೊಳಿಸಿದೆ. ಕಲ್ಲಾಗಿ ಹೋದ ಮರಿಗಳ ವಿಷಯದಲ್ಲಿ ಇದೇ ತೊಡಕು ಪಂಡಿತರನ್ನೂ ಕಾಡುತ್ತದೆ.

ಇದಕ್ಕೆ ನಿದರ್ಶನವನ್ನು ದೂರದೇಶದಲ್ಲಿಯೇ ಅರಸಬೇಕಾಗಿಲ್ಲ. ನಮ್ಮ ಸಿಕಂದರಾಬಾದಿನ ಉತ್ತರಕ್ಕೆ, ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ, ಮಲೇರಿ ಎಂಬ ಹಳ್ಳಿಯ ಹೆಸರನ್ನು ಹೊತ್ತ ಕೆಂಪು ಜೇಡಿಯ ಸ್ತರಗಳಿವೆ. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ, ಟ್ರಯಾಸಿಕ್ ಯುಗದ ಕೊನೆಯ ಭಾಗದಲ್ಲಿ, ಅಲ್ಲಿನ ನೀರಿನಲ್ಲಿ ಚಪ್ಪಟೆ ತಲೆಯ, ಮೂತಿಯ ಕಡೆಗೆ ಸರಿದ ಕಣ್ಣುಗಳ ದೊಡ್ಡದೊಂದು ಉಭಯವಾಸಿ ಬಾಳಿತ್ತು. ರಾಯ್‌ಚೌಧುರಿಯವರು 1965ರಲ್ಲಿ ಅದಕ್ಕೆ ಮೆಟೊಪೊಸಾರಸ್ ಮಲೇರಿಯೆನ್ಸಿಸ್ ಎಂದು ಹೆಸರಿಟ್ಟರು. ಅರ್ಧ ಶತಮಾನದ ತರುವಾಯ ಚಕ್ರವರ್ತಿ ಮತ್ತು ಸೇನ್‌ಗುಪ್ತ ಎಂಬ ವಿದ್ವಾಂಸರು ತಲೆಬುರುಡೆಯ ಎಲುಬುಗಳನ್ನು ಅಳೆದು ನೋಡಿ, ಅದು ಬೇರೆಯೇ ಕುಲವೆಂದು ನಿರ್ಣಯಿಸಿ, ಪಂಥಸಾರಸ್ ಎಂದು ಕರೆದರು. ಮಲೇರಿಯ ಹೆಸರು ಮಾತ್ರ ಉಳಿಯಿತು.

ಅಳತೆಯೊಂದೇ ಸಾಲದು. ಅದೇ ಬಳಗದ ಅಪಾಚೆಸಾರಸ್ ಎಂಬ ಕಿರುಗಾತ್ರದ ಪ್ರಾಣಿಗೆ 1993ರಲ್ಲಿ ಅಮೆರಿಕದಲ್ಲಿ ನಾಮಕರಣವಾಯಿತು. ಚಿಕ್ಕದಾದರೂ ಬಲಿತ ಪ್ರಾಣಿಯೆಂದೇ ಅದನ್ನು ಎಣಿಸಲಾಗಿತ್ತು. ಆದರೆ ಅದರವೆಂದು ತಿಳಿದಿದ್ದ ಬೆನ್ನುಮಣಿಗಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಹೊರಬಂದು, ಅವು ಮರಿಗಳವೆಂದು ಸಾರಿತು! ಮರದ ಕಾಂಡದಲ್ಲಿರುವಂತೆ ಎಲುಬಿನಲ್ಲಿಯೂ ಬೆಳವಣಿಗೆಯ ಗೆರೆಗಳುಂಟು. ನಮ್ಮ ಮಲೇರಿಯ ಪ್ರಾಣಿಯ ಎಲುಬಿನ ಇಂತಹ ಗೆರೆಗಳನ್ನು ಕುರಿತ ಅಧ್ಯಯನವೂ 2020ರಲ್ಲಿ ಪ್ರಕಟವಾಗಿದೆ.

ಹೆಸರುಗಳು ಹೀಗೆ ಬದಲಾಗುತ್ತಿದ್ದರೆ ಶಾಸ್ತ್ರವನ್ನು ನಂಬುವುದೆಂತು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ತನ್ನ ತಪ್ಪನ್ನು ತಾನೇ ಹುಡುಕಿ, ಸಾಕ್ಷ್ಯಸಹಿತ ತಿದ್ದಿಕೊಳ್ಳುವುದರಿಂದಲೇ ಅದನ್ನು ನಂಬಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಹೊಸ ಹೆಸರಿಟ್ಟವನಿಗೆ ಸಲ್ಲುವ ಗೌರವವೇ, “ಇದು ಹೊಸದಲ್ಲ, ಹಳೆಯದರ ಮರಿ” ಎಂದವನಿಗೂ ಸಲ್ಲಬೇಕು.

ಈ ಮಾತು ನಮ್ಮ ತರಗತಿಗೂ ಅನ್ವಯಿಸುತ್ತದೆ. ಒಂದು ಕಿರುಪರೀಕ್ಷೆಯ ಅಂಕಗಳನ್ನು ನೋಡಿ “ಇವನು ದಡ್ಡ” ಎಂದು ಎಳೆಯನೊಬ್ಬನ ಹಣೆಗೆ ಚೀಟಿ ಅಂಟಿಸಿದ ದಿನಗಳು ನನ್ನ ಬಾಳಿನಲ್ಲಿಯೂ ಉಂಟು. ಅದು ಬೆಳವಣಿಗೆಯ ಒಂದು ಹಂತವನ್ನೇ ಕುಲವೆಂದು ಭ್ರಮಿಸಿದ ತಪ್ಪು. ಅಂತಹ ಚೀಟಿಯನ್ನು ನಾನು ಹಿಂತೆಗೆದುಕೊಳ್ಳುತ್ತೇನೆ. ನೀವೂ ನಿಮ್ಮ ಗೆಳೆಯರ ವಿಷಯದಲ್ಲಿ ಹಾಗೆಯೇ ಮಾಡಿರಿ.

ಬಿಡುವಿದ್ದಾಗ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಿರಿ. ಅದೇ ಕಣಿವೆಯಲ್ಲಿ ದೊರೆತ, ಟ್ರಯಾಸಿಕ್‌ನ ಮುಂದಿನ ಯುಗದ ಕೋಟಸಾರಸ್ ಅಲ್ಲಿ ನಿಂತಿದೆ. ಹಲವು ಪ್ರಾಣಿಗಳ ಎಲುಬುಗಳನ್ನು ಹೊಂದಿಸಿ ಅದನ್ನು ನಿಲ್ಲಿಸಿದ್ದಾರೆ. ಅದರ ಮುಂದೆ ನಿಂತು, “ಇವರೆಲ್ಲರ ಪ್ರಾಯ ಒಂದೇ ಆಗಿತ್ತೇ?” ಎಂದು ಕೇಳಿಕೊಳ್ಳಿರಿ. ಆ ಪ್ರಶ್ನೆ ನಿಮಗೆ ಕನ್ನಡದಲ್ಲಿಯೇ ಹೊಳೆದರೆ, ನನ್ನ ಪಾಠ ಸಾರ್ಥಕ.