ಮೊದಲ ಪರೀಕ್ಷೆ ಗಂಡನಿಗೂ ಆಗಲಿ

ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನಿಗೆ ಪುಟ್ಟ ತೊಟ್ಟಿಲು ಒಪ್ಪಿಸಿ ಮಕ್ಕಳಿಗಾಗಿ ಹರಕೆ ಹೊರಲು ಗಂಡ ಹೆಂಡತಿ ಜೋಡಿಯಾಗಿಯೇ ಹೋಗುತ್ತಾರೆ. ಆಸ್ಪತ್ರೆಗೆ ಹೋಗುವಾಗ ಮಾತ್ರ ಹೆಂಡತಿ ಒಬ್ಬಳೇ, ಹೆಚ್ಚೆಂದರೆ ಜೊತೆಗೆ ಅತ್ತೆ. ಅವಳ ಫೈಲಿನಲ್ಲಿ ಥೈರಾಯ್ಡ್ ವರದಿ, ಅಂಡಗಳ ಸಂಗ್ರಹ ಅಳೆಯುವ ಎಎಂಎಚ್ ವರದಿ, ತಿಂಗಳು ತಿಂಗಳೂ ಮಾಡಿಸಿದ ಸ್ಕ್ಯಾನಿಂಗ್ ಚೀಟಿಗಳು, ಗರ್ಭನಾಳಕ್ಕೆ ಔಷಧ ಹಾಯಿಸಿ ತೆಗೆದ ಎಕ್ಸ್‌ರೇ ಎಲ್ಲವೂ ಇರುತ್ತವೆ. ಆ ಎಕ್ಸ್‌ರೇ ಎಷ್ಟೋ ಹೆಂಗಸರಿಗೆ ಜೀವ ಹಿಂಡುವಷ್ಟು ನೋವು ಕೊಡುತ್ತದೆ. ಗಂಡನ ವೀರ್ಯ ಪರೀಕ್ಷೆಯ ಒಂದು ಹಾಳೆ ಮಾತ್ರ ಇರುವುದಿಲ್ಲ. ಕೇಳಿದರೆ, 'ನಮ್ಮ ಹುಡುಗನಿಗೇನೂ ತೊಂದರೆ ಇಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಅದನ್ನು ತಿಳಿಯುವ ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ. 2ರಿಂದ 7 ದಿನ ಸಂಯಮದಿಂದಿದ್ದು ಡಬ್ಬಿಯಲ್ಲಿ ಮಾದರಿ ಕೊಟ್ಟರೆ ಮುಗಿಯಿತು. ವರದಿ ಚೆನ್ನಾಗಿಲ್ಲದಿದ್ದರೂ ಆಕಾಶ ಕಳಚಿ ಬೀಳುವುದಿಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಆಸುಪಾಸು ಹಿಡಿಯುತ್ತದೆ. ತಂಬಾಕು ಬಿಟ್ಟು, ಬೇಕಾದ ಚಿಕಿತ್ಸೆ ಪಡೆದು ಮತ್ತೆ ಪರೀಕ್ಷಿಸಿಕೊಳ್ಳಬಹುದು. ಮೈಕಟ್ಟಿಗೆಂದು ಜಿಮ್‌ಗಳಲ್ಲಿ ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಲ್ಲದು. ಇದು ನಮ್ಮ ಹುಡುಗರಿಗೆ ಗೊತ್ತೇ ಇಲ್ಲ. ದಾಂಪತ್ಯಸುಖಕ್ಕೆ ಯಾವ ಕೊರತೆಯೂ ಇಲ್ಲದ ಗಟ್ಟಿಮುಟ್ಟಾದ ಗಂಡಸಿನಲ್ಲೂ ವೀರ್ಯಾಣು ಸೊನ್ನೆ ಇರಬಹುದು. ಗಂಡಸ್ತನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಮನೆಯ ಹಿರಿಯರನ್ನೇ ಕೂರಿಸಿಕೊಂಡು ಹೇಳಬೇಕಾಗಿದೆ.

ಹರಕೆ ಬೇಡವೆನ್ನುತ್ತಿಲ್ಲ. ಆದರೆ ಕಾಲ ಕಾಯುವುದಿಲ್ಲ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ವೈದ್ಯರನ್ನು ಕಾಣಬೇಕು. ಗಂಡನ ಪರೀಕ್ಷೆ ಮುಂದೂಡಿದಷ್ಟೂ ಸವೆಯುವುದು ಹೆಂಡತಿಯ ಅಂಡಗಳ ಆಯಸ್ಸು. ಸೀಮಂತಕ್ಕೆ ಹೋದಲ್ಲೆಲ್ಲ 'ಏನಮ್ಮಾ, ವಿಶೇಷ ಏನೂ ಇಲ್ಲವಾ?' ಎಂಬ ಪ್ರಶ್ನೆ ಎದುರಿಸುವವಳೂ ಅವಳೇ. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು 'ನಾವಿಬ್ಬರೂ ತೋರಿಸಿಕೊಳ್ಳುತ್ತಿದ್ದೇವೆ' ಎಂದು ಗಂಡ ಒಂದು ಮಾತು ಹೇಳಿದರೆ ಅವಳ ಅರ್ಧ ಭಾರ ಇಳಿಯುತ್ತದೆ.

ಐವಿಎಫ್‌ವರೆಗೆ ಹೋಗಬೇಕಾದವರು ಒಂದು ವಿಷಯ ತಿಳಿದಿರಲಿ. 2021ರ ಸಂತಾನ ನೆರವು ತಂತ್ರಜ್ಞಾನ ಕಾಯ್ದೆಯ ಪ್ರಕಾರ ತಮ್ಮಲ್ಲಿ ಯಶಸ್ಸಿನ ಸಾಧ್ಯತೆ ಎಷ್ಟು, ಖರ್ಚೆಷ್ಟು, ಅಪಾಯಗಳೇನು ಎಂಬುದನ್ನು ಕೇಂದ್ರಗಳು ದಂಪತಿಗೆ ಬಿಡಿಸಿ ಹೇಳಲೇಬೇಕು. ಆಪ್ತಸಮಾಲೋಚನೆಯೂ ಅವರ ಹೊಣೆ. ಗೋಡೆ ತುಂಬ ಅಂಟಿಸಿದ ಶಿಶುಗಳ ಫೋಟೊ ನೋಡಿ ಒಡವೆ ಅಡವಿಡುವ ಮೊದಲು ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿ.

ಆಯುಷ್ಮಾನ್ ಭಾರತ್ ಯೋಜನೆ ಈ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಐವಿಎಫ್ ಖರ್ಚನ್ನು ಸರ್ಕಾರ ನಾಳೆಯೇ ಭರಿಸಲಿ ಎಂದು ನಾವು ಕೇಳುತ್ತಿಲ್ಲ. ಆದರೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ನಂಬಿಕಸ್ಥ ವೀರ್ಯ ಪರೀಕ್ಷೆ ಸಿಗಲಿ. ಸಾರ್ವಜನಿಕ ಶೌಚಾಲಯದ ಕಡೆ ಕೈ ತೋರಿಸುವ ಬದಲು ಮಾದರಿ ಕೊಡಲು ಒಂದು ಪ್ರತ್ಯೇಕ ಕೋಣೆ ಇರಲಿ. ವರದಿ ಬಂದಾಗ ಕೌಂಟರಿನಲ್ಲಿ ಹೆಸರು ಕೂಗದೆ ಕೊಡುವಷ್ಟು ಸೂಕ್ಷ್ಮತೆ ಸಿಬ್ಬಂದಿಗೆ ಇರಲಿ. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ, ಆರೋಗ್ಯ ಇಲಾಖೆಯ ಒಂದು ಸುತ್ತೋಲೆಯಿಂದಲೇ ಕೆಲಸ ಶುರುವಾಗಬಹುದು.