ಪರ್ಮಿಟ್ ಕೇಳುವ ದ್ವೀಪ, ಅಗುಳಿ ಕಿತ್ತ ಊರು

ಕಳೆದ ಯುಗಾದಿಗೆ ಅಕ್ಕೂರಿಗೆ ಹೋದಾಗ ದೊಡ್ಡಪ್ಪನ ಮನೆಯ ಟೀವಿ ತುಂಬ ಕಡಲು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮಣ್ಣ, ಮದುವೆಯಾಗಿ ಆರು ತಿಂಗಳಿಗೆ ಅತ್ತಿಗೆಯನ್ನು ಕರೆದುಕೊಂಡು ಲಕ್ಷದ್ವೀಪ ಸುತ್ತಿ ಬಂದಿದ್ದ. ಕೊಚ್ಚಿಯಲ್ಲಿ ಎಂ.ವಿ. ಕವರತ್ತಿ ಹಡಗು ಹತ್ತಿದರೆ ಐದು ದಿನದ ಪ್ರವಾಸ. ರಾತ್ರಿ ಹಡಗಿನಲ್ಲೇ ನಿದ್ದೆ, ಹಗಲು ಒಂದೊಂದು ದ್ವೀಪ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಕಣ್ಣಿಗೆ ಗಾಜಿನ ಮುಖವಾಡ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಬೋರಲಾಗಿ ತೇಲುತ್ತಾ ಹವಳ ನೋಡುವ ಸ್ನಾರ್ಕ್ಲಿಂಗ್ ಈ ಪ್ರವಾಸದ ಮುಖ್ಯ ಆಕರ್ಷಣೆ. ಅತ್ತಿಗೆ ಮುಖವಾಡ ತೆಗೆದು ನಗುವ ವಿಡಿಯೋ ಬಂದಾಗ ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ.

ಮುನ್ನೂರಕ್ಕೂ ಹೆಚ್ಚು ಫೋಟೋ ನೋಡಿ ಮುಗಿದ ಮೇಲೆ ಅಜ್ಜಿ ಕೇಳಿದಳು: "ಅಲ್ಲಾ ಕಣ್ ಮಗ, ಅಲ್ಲಿ ಜನ ಯಾರೂ ಇಲ್ವಾ?"

"ಅವ್ರೆ ಕಣಜ್ಜಿ, ಬೇಕಾದಷ್ಟು ಜನ ಅವ್ರೆ" ಅಂದ ಅಣ್ಣ.

"ಮತ್ತೆ ಒಬ್ರೂ ಕಾಣ್ನಿಲ್ವಲ್ಲ. ಸುತ್ತ ಉಪ್ಪುನೀರು ಅಂತೀಯ, ಅವ್ರು ಕುಡಿಯಕ್ ನೀರು ಎಲ್ಲಿಂದ ತತ್ತಾರೆ?"

ಅಣ್ಣನಿಗೆ ಗೊತ್ತಿರಲಿಲ್ಲ. ಹಡಗಿನಲ್ಲಿ ಬಾಟಲಿ ಕೊಟ್ಟಿದ್ದರಂತೆ. ಅವನು ಮಾತು ತಿರುಗಿಸಿ ತನ್ನ ದೂರು ಶುರುಮಾಡಿದ. "ಎಲ್ಲಾ ಚೆನ್ನಾಗಿತ್ತು, ಆ ಪರ್ಮಿಟ್ ಒಂದು ತಲೆನೋವು. ನಮ್ಮ ದೇಶದೊಳಗೇ ಓಡಾಡೋಕೆ ನಾವೇ ಪರ್ಮಿಟ್ ತಗೋಬೇಕಾ? ಮೊದಲು ಅದನ್ನ ತೆಗೆದು ಹಾಕ್ಬೇಕು. ಆಗ ನೋಡು, ಮಾಲ್ಡೀವ್ಸ್ ಥರ ಆಗುತ್ತೆ."

ಅವತ್ತು ಹಬ್ಬದ ದಿನ, ಜಗಳ ಬೇಡವೆಂದು ಸುಮ್ಮನಿದ್ದೆ. ಈಗ ಹೇಳುತ್ತೇನೆ. ಪರ್ಮಿಟ್ ಇರಬೇಕು. ಅದನ್ನು ತೆಗೆಯಿರಿ ಎಂದು ಕೇಳುವ ಹಕ್ಕು ಬೇರೆ ಯಾರಿಗೆ ಇದ್ದರೂ ಅಕ್ಕೂರಿನವರಾದ ನಮಗಂತೂ ಇಲ್ಲ.

ಅಣ್ಣನ ಮಾತು ಅವನೊಬ್ಬನದಲ್ಲ. 2024ರ ಜನವರಿ ಮೊದಲ ವಾರದಲ್ಲಿ ಪ್ರಧಾನಿ ಲಕ್ಷದ್ವೀಪದಲ್ಲಿ ಸ್ನಾರ್ಕ್ಲಿಂಗ್ ಮಾಡಿದ ಚಿತ್ರಗಳು ಬಂದವು. ಅದರ ಮೇಲೆ ಮಾಲ್ಡೀವ್ಸಿನ ಉಪಮಂತ್ರಿಗಳು ಕೆಟ್ಟದಾಗಿ ಮಾತಾಡಿ ಅಮಾನತಾದರು. ಲಕ್ಷದ್ವೀಪಕ್ಕಾಗಿ ಹುಡುಕಾಟ ಶೇ. 3,400ರಷ್ಟು ಏರಿತೆಂದು ಒಂದು ಪ್ರವಾಸಿ ಜಾಲತಾಣ ಹೇಳಿಕೊಂಡಿತು. ಆ ವಾರದಲ್ಲಿ ದೇಶಭಕ್ತಿಗೂ ಹನಿಮೂನಿಗೂ ಒಂದೇ ಟಿಕೆಟ್ ಸಾಕೆನ್ನುವಂತಾಯಿತು. ಮಾಲ್ಡೀವ್ಸ್ ಬಿಟ್ಟು ಇಲ್ಲಿಗೆ ಬನ್ನಿ ಎಂದು ಕರೆ ಕೊಟ್ಟವರಲ್ಲಿ ಎಷ್ಟು ಜನ ಅಲ್ಲಿನವರನ್ನು ಒಂದು ಮಾತು ಕೇಳಿದ್ದರು?

ಲಕ್ಷದ್ವೀಪದ ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೆ ಸುಮಾರು 32 ಚದರ ಕಿಲೋಮೀಟರ್. ನಮ್ಮ ಚನ್ನಪಟ್ಟಣ ತಾಲ್ಲೂಕಿನ ಒಂದು ಮೂಲೆಯಲ್ಲಿ ಹಿಡಿಸಿಬಿಡುತ್ತದೆ. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ ಅಲ್ಲಿದ್ದವರು 64,473 ಮಂದಿ, ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು. ಅದೇ ಗಣತಿಯಲ್ಲಿ ಕರ್ನಾಟಕದ ಲೆಕ್ಕ 319. ನಮ್ಮ ಆರು ಪಟ್ಟು ಒತ್ತಾಗಿ ಜನ ಬದುಕುತ್ತಿರುವ ಜಾಗವನ್ನು ನಾವು "ನಿರ್ಜನ ಕಡಲತೀರ" ಎಂದು ಫೋಟೋ ತೆಗೆದುಕೊಂಡು ಬರುತ್ತೇವೆ. ಅಲ್ಲಿನ ಸ್ಥಳೀಯರು ಪರಿಶಿಷ್ಟ ಪಂಗಡದವರು. ಮಿನಿಕಾಯಿಯವರು ಮಾತಾಡುವುದು ಮಹಲ್, ಉಳಿದ ದ್ವೀಪಗಳದು ಮಲಯಾಳಕ್ಕೆ ಹತ್ತಿರದ ಜೆಸರಿ. ಟ್ಯೂನಾ ಮೀನನ್ನು ಬಲೆ ಬೀಸಿ ಬಾಚದೆ, ಗಾಳದ ಕೋಲಿನಿಂದ ಒಂದೊಂದಾಗಿ ಎಳೆಯುವವರು. ಅದಕ್ಕೆ ಬೇಕಾದ ಜೀವಂತ ಎರೆಮೀನು ಸಿಗುವುದೂ ಅಣ್ಣ ಅತ್ತಿಗೆ ತೇಲಿದ ಅದೇ ಹವಳದ ನಡುವಿನ ನೀರಿನಲ್ಲಿ.

ಇನ್ನು ಅಜ್ಜಿಯ ಪ್ರಶ್ನೆ. ಹವಳದ ದ್ವೀಪದಲ್ಲಿ ಹೊಳೆ ಇಲ್ಲ, ಕೆರೆ ಕಟ್ಟುವ ಹಾಗಿಲ್ಲ. ಮಳೆನೀರು ಮರಳಿನೊಳಗೆ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ಹಗುರವಾಗಿ ತೇಲುತ್ತಾ ತೆಳುವಾದೊಂದು ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಬಾವಿ ತೋಡಿ ಹದವಾಗಿ ಸೇದಿದರೆ ಸಿಹಿ. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಪಾಯಿಖಾನೆಯ ಗುಂಡಿಯ ನೀರೂ ಅದೇ ಮರಳಿನಲ್ಲಿ ಇಳಿದು ಅದೇ ಪದರ ಸೇರುತ್ತದೆ. ಈ ಕಷ್ಟಕ್ಕಾಗಿಯೇ 2005ರಲ್ಲಿ ಕವರತ್ತಿಯಲ್ಲಿ, ಆಳದ ತಣ್ಣೀರನ್ನು ಬಳಸಿಕೊಂಡು ಸಮುದ್ರದ ನೀರನ್ನು ಸಿಹಿ ಮಾಡುವ, ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕ ಹಾಕಬೇಕಾಯಿತು. ಆಗಲೇ ಹಾಗಿದ್ದ ಊರಿನಲ್ಲಿ ಒಬ್ಬ ಪ್ರವಾಸಿ ಹೆಚ್ಚಾದರೆ ಯಾರ ಕೊಡ ಖಾಲಿಯಾಗುತ್ತದೆ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಎಂದೂ ಕಡಲು ನೋಡದ ಅಜ್ಜಿ ಅದನ್ನು ಕೇಳಿದಳು, ಐದು ದಿನ ಕಡಲ ಮೇಲೆ ಇದ್ದವನು ಕೇಳಲಿಲ್ಲ.

ನೀರಿನೊಳಗಿನ ಮಾತಿಗೆ ಬರೋಣ. ಹವಳವೆಂದರೆ ಬಣ್ಣದ ಕಲ್ಲಲ್ಲ. ಸಣ್ಣ ಸಣ್ಣ ಜೀವಿಗಳು ಸುಣ್ಣ ಕಟ್ಟಿ ಕಟ್ಟಿ ಎಬ್ಬಿಸಿದ ವಠಾರ ಅದು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡಿ ಅನ್ನವನ್ನೂ ಬಣ್ಣವನ್ನೂ ಕೊಡುತ್ತದೆ. ನೀರಿನ ಬಿಸಿ ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಹಾಗೇ ಇದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ ಹೀಗೆ ದೊಡ್ಡದಾಗಿ ಆದದ್ದು 1998, 2010, 2016ರಲ್ಲಿ. 2024ರ ಬೇಸಿಗೆಯಲ್ಲಿ ಮತ್ತೆ ಆಗಿದೆಯೆಂದು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹೇಳಿತು. ಪ್ರಧಾನಿಯ ಚಿತ್ರ ಬಂದು ನಾಲ್ಕು ತಿಂಗಳಾಗಿತ್ತು ಅಷ್ಟೆ. 1998ರಿಂದ ಸುಮಾರು ಕಾಲು ಶತಮಾನದಲ್ಲಿ ಅಗತ್ತಿ, ಕಡಮತ್, ಕವರತ್ತಿಗಳ ಹವಳದ ಹೊದಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ ಎಂದು ಅಲ್ಲೇ ಮುಳುಗೆದ್ದು ಲೆಕ್ಕವಿಟ್ಟ ವಿಜ್ಞಾನಿಗಳು ಬರೆದಿದ್ದಾರೆ.

ನ್ಯಾಯವಾಗಿ ಹೇಳಬೇಕೆಂದರೆ ಇದನ್ನು ಸ್ನಾರ್ಕ್ಲಿಂಗ್ ಮಾಡುವವರ ತಲೆಗೆ ಕಟ್ಟುವಂತಿಲ್ಲ. ಕಡಲನ್ನು ಕಾಯಿಸುತ್ತಿರುವುದು ಭೂಮಿಯ ಮೇಲೆಲ್ಲ ಉರಿಯುವ ಕಲ್ಲಿದ್ದಲು, ಪೆಟ್ರೋಲು. ಅದರಲ್ಲಿ ಊರಲ್ಲಿ ಕೂತ ನನ್ನ ಪಾಲೂ ಇದೆ. ಆದರೆ ಜ್ವರದಿಂದ ಎದ್ದವನಿಗೆ ಬಿಡುವು ಬೇಕು. ಎರಡು ಬಿಸಿಯ ನಡುವೆ ಸಾಕಷ್ಟು ವರ್ಷ ಸಿಕ್ಕರೆ ಹವಳ ಚೇತರಿಸಿಕೊಳ್ಳುತ್ತದೆ. ಆ ಬಿಡುವಿನಲ್ಲೇ ನಾವು ಜೆಟ್ಟಿ ಕಟ್ಟಲು ಹೂಳೆತ್ತಿ, ಹೊಲಸು ಬಿಟ್ಟು, ಇಳಿತದ ವೇಳೆ ಹವಳದ ಮೇಲೇ ಕಾಲೂರಿ ನಿಂತರೆ? ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವ ಗುಂಡು ಹವಳ ಅಲ್ಲಿ ಸಾಕಷ್ಟಿದೆ. ಅತ್ತಿಗೆ ಸುಸ್ತಾದಾಗ ಕಾಲಿಟ್ಟು ನಿಂತ ಬಂಡೆ ಅಜ್ಜಿಗಿಂತ ಹಿರಿಯದಿರಬಹುದು.

ಇದು ಅಂದಚೆಂದದ ವಿಷಯವೂ ಅಲ್ಲ. ಗಿಳಿಕೊಕ್ಕಿನಂಥ ಬಾಯಿರುವ ಪ್ಯಾರಟ್‌ಫಿಶ್ ಹವಳದ ಬಂಡೆಯನ್ನು ಕೆರೆದು ತಿಂದು ಮರಳಾಗಿ ವಿಸರ್ಜಿಸುತ್ತದೆ. ನಾವು ಬರಿಗಾಲಲ್ಲಿ ನಡೆದು ಮೆಚ್ಚುವ ಬಿಳಿ ಮರಳಿನಲ್ಲಿ ಅದರ ಪಾಲು ದೊಡ್ಡದು. ಹವಳದ ಗೋಡೆ ಅಲೆಯ ಪೆಟ್ಟು ತಿನ್ನುವುದರಿಂದ ದ್ವೀಪ ನಿಂತಿದೆ. ಗೋಡೆ ಕುಸಿದರೆ ನೆಲವೂ ಹೋಗುತ್ತದೆ. ಬಂಗಾರಂ ಬಳಿಯ ಪರಳಿ-1 ಎಂಬ ಜನವಸತಿಯಿಲ್ಲದ ದ್ವೀಪ ಕೊರೆತಕ್ಕೆ ಸಿಕ್ಕಿ ಪೂರ್ತಿ ಅಳಿಸಿಹೋದದ್ದು 2017ರಲ್ಲೇ ಸುದ್ದಿಯಾಗಿತ್ತು. ಇಂಥ ಕಡೆ ಸುಹೇಲಿ, ಕಡಮತ್ ದ್ವೀಪಗಳಲ್ಲಿ ತಲಾ 110 ಕೋಣೆಗಳ ಐಷಾರಾಮಿ ರೆಸಾರ್ಟುಗಳ ಯೋಜನೆ 2023ರ ಜನವರಿಯಲ್ಲಿ ಪ್ರಕಟವಾಯಿತು. ನೀರಿನ ಮೇಲೆಯೇ ನಿಲ್ಲುವ ವಿಲ್ಲಾಗಳೂ ಅದರಲ್ಲಿವೆ. ಸುಹೇಲಿ ನಿರ್ಜನವೆಂದು ನಕಾಶೆ ಹೇಳುತ್ತದೆ. ಕವರತ್ತಿಯ ಮೀನುಗಾರರು ಋತುವಿಗೆ ಅಲ್ಲಿ ಹೋಗಿ ಟ್ಯೂನಾ ಒಣಗಿಸುತ್ತಾರೆ, ಕಾಯಿ ಕೀಳುತ್ತಾರೆ. ಬೇಸಿಗೆಯಲ್ಲಿ ಖಾಲಿ ಬಿಟ್ಟ ರಾಗಿ ಹೊಲ ಯಾರದ್ದೂ ಅಲ್ಲ ಎಂದ ಹಾಗಾಯಿತು.

ಇದರಲ್ಲಿ ಕನ್ನಡದವರಿಗೇನು ಕೆಲಸ ಎನ್ನುವವರಿಗೆ ಒಂದು ಹಳೆಯ ಲೆಕ್ಕ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಐದು ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಣ್ಣೂರಿನ ಅರಕ್ಕಲ್ ಆಳ್ವಿಕೆಯಿಂದ ಬೇಸತ್ತ ಅಮಿನಿಯವರು 1787ರಲ್ಲಿ ಟಿಪ್ಪುವಿನ ಮೊರೆಹೋದರು. 1799ರವರೆಗೆ ಅಮಿನಿಯೂ ಅಕ್ಕೂರೂ ಒಬ್ಬನೇ ಅರಸನ ಕೈಕೆಳಗಿದ್ದವು. ಆಮೇಲೆ ಕಂಪನಿ ಸರ್ಕಾರ ಬಂತು, ಮಂಗಳೂರಿನ ಕಲೆಕ್ಟರ್ ಬಂದ. ದ್ವೀಪದವರು ಹೊಸೆದ ತೆಂಗಿನ ನಾರಿನ ಹಗ್ಗವನ್ನು ಸರ್ಕಾರವೇ ಏಕಸ್ವಾಮ್ಯದಲ್ಲಿ ಕೊಂಡು, ತಾನೇ ಕಟ್ಟಿದ ದರಕ್ಕೆ ಅಕ್ಕಿ ಕೊಡುತ್ತಿತ್ತು. ಬೇರೆಯವರಿಗೆ ಮಾರುವಂತಿರಲಿಲ್ಲ. ಕನ್ನಡ ಜಿಲ್ಲೆಯ ಕಚೇರಿಯಿಂದಲೇ ನಡೆದ ಸುಲಿಗೆ ಅದು. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಅಲ್ಲಿಗೆ ಹೋಗುತ್ತವೆ. ಹೀಗಾಗಿ ಲಕ್ಷದ್ವೀಪ ನಮಗೆ ಎಲ್ಲೋ ದೂರದ ನೀಲಿ ಚಿತ್ರವಲ್ಲ. ಹಿಂದೊಮ್ಮೆ ನೆರೆಮನೆ, ಅದಕ್ಕೂ ಹೆಚ್ಚಾಗಿ ನಮ್ಮ ಸಾಲ ಇರುವ ಮನೆ.

ಈಗ ಪರ್ಮಿಟ್. 1967ರ ನಿಯಮಗಳಂತೆ ಹೊರಗಿನವರು ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ, ನೆಲೆಸುವಂತಿಲ್ಲ. ಅಣ್ಣನಿಗೆ ಇದು ತಲೆನೋವು. ಹಾಗಾದರೆ ಅಣ್ಣ, ನಮ್ಮೂರಿನದೇ ಕತೆ ನೆನಪಿಸಿಕೋ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಎಂಬ ಎರಡು ಕಲಮುಗಳಿದ್ದವು. ಬೇಸಾಯ ಮಾಡದವರು, ಬೇರೆ ಕಡೆಯಿಂದ ದೊಡ್ಡ ಆದಾಯ ಇರುವವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದವು. ಅದರ ಹೆಸರಲ್ಲಿ ಲಂಚ ನಡೆಯುತ್ತಿತ್ತು ನಿಜ, ಸುಳ್ಳು ಪತ್ರ ಹುಟ್ಟುತ್ತಿದ್ದವು ನಿಜ. ಆದರೂ ಅದೊಂದು ಅಗುಳಿ. 2020ರಲ್ಲಿ ಸರ್ಕಾರ ಅದನ್ನು ಕಿತ್ತಿತು. ಆಗಲೂ ಹೇಳಿದ್ದು ಇದನ್ನೇ: ನಮ್ಮ ದೇಶದಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೊಳ್ಳಬೇಡವೇ, ಬಂಡವಾಳ ಬರಬೇಡವೇ.

ಬಂತು. ನಮ್ಮ ಹೊಲದ ಪಕ್ಕದ ಹಿಪ್ಪುನೇರಳೆ ತೋಟ ಈಗ ಫಾರ್ಮ್‌ಹೌಸ್. ಶನಿವಾರ, ಭಾನುವಾರ ಬಾಡಿಗೆಗೆ. ಅದರ ಈಜುಕೊಳ ಎಂಥ ಬೇಸಿಗೆಯಲ್ಲೂ ನೀಲಿ. ನಮ್ಮ ಕೊಳವೆಬಾವಿ ಮಾತ್ರ ಏಪ್ರಿಲ್‌ನಲ್ಲಿ ಗಾಳಿ ಕಕ್ಕುತ್ತದೆ. ಕಣದಲ್ಲಿ ರಾಗಿ ತೂರುತ್ತಿದ್ದ ಅಜ್ಜಿಯ ಫೋಟೋವನ್ನು ಅಲ್ಲಿಗೆ ಬಂದ ಜೋಡಿಯೊಂದು ಬೇಲಿಯಾಚೆಯಿಂದ ತೆಗೆದಾಗ ಅಣ್ಣ, ನೀನೇ ಹೋಗಿ ಜಗಳ ಮಾಡಿದ್ದೆ. "ಕೇಳಿ ತೆಗೀರಿ ಸ್ವಾಮಿ, ಇದು ಮೃಗಾಲಯ ಅಲ್ಲ" ಅಂದಿದ್ದೆ. ಅವರೂ ಕೆಟ್ಟವರಲ್ಲ, ದಣಿದು ಬಂದ ಗಂಡ ಹೆಂಡತಿ. ಅವರು ನಮ್ಮ ಊರನ್ನು ನೋಡಿದ ಹಾಗೆಯೇ ನೀನು ಕಲ್ಪೇನಿಯನ್ನು ನೋಡಿ ಬಂದೆ. ಶನಿವಾರ ನಮ್ಮೂರಿಗೆ ಬರುವ ಕಾರಿನ ಮೇಲೆ ಸಿಡುಕುವವರು ಸೋಮವಾರ ಹಡಗು ಹತ್ತಿ ಅದೇ ಕಾರು ಆಗಿಬಿಡುತ್ತೇವೆ.

"ಪ್ರವಾಸಿಗಳಿಂದ ಅವರಿಗೂ ನಾಲ್ಕು ಕಾಸು ಬೇಡವೇ?" ಎನ್ನಬಹುದು. ಬೇಕು. ಸ್ನಾರ್ಕ್ಲಿಂಗ್ ಕಲಿಸುವ ಹುಡುಗ, ದೋಣಿ ನಡೆಸುವವನು, ಊಟ ಬಡಿಸುವ ಮನೆ, ಎಲ್ಲರಿಗೂ ಬೇಕು. ಹಡಗಿನ ಪ್ರವಾಸದಲ್ಲಿ ರಾತ್ರಿ ಹಡಗಿಗೇ ಮರಳುವ ಏರ್ಪಾಡು ದ್ವೀಪದ ನೀರಿನ ಮೇಲಿನ ಹೊರೆಯನ್ನು ಸ್ವಲ್ಪವಾದರೂ ತಗ್ಗಿಸುತ್ತದೆ. ನನ್ನ ತಕರಾರು ಹೋಗುವುದರ ಮೇಲಲ್ಲ. ಎಷ್ಟು ಜನ ಬರಬೇಕು, ಎಲ್ಲಿ ಉಳಿಯಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬುದರ ಮೇಲೆ.

ಪರ್ಮಿಟ್ ಪರವಾಗಿ ಮಾತಾಡುವ ನಾನೂ ಒಪ್ಪಬೇಕಾದ ಕಷ್ಟ ಇಲ್ಲೇ ಇದೆ. ಆ ಅಗುಳಿ ದ್ವೀಪದವರ ಕೈಯಲ್ಲಿಲ್ಲ. ದಿಲ್ಲಿ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿದೆ. 2021ರಲ್ಲಿ ಭೂಮಿಯನ್ನು ಅಭಿವೃದ್ಧಿಯ ಹೆಸರಲ್ಲಿ ವಶಕ್ಕೆ ತೆಗೆದುಕೊಳ್ಳಬಲ್ಲ ಪ್ರಾಧಿಕಾರದ ಕರಡು ಬಂದಾಗ ದ್ವೀಪವೇ ಎದ್ದು ನಿಂತಿತು. ದಡದಲ್ಲಿದ್ದ ಮೀನುಗಾರರ ಶೆಡ್ಡುಗಳನ್ನು ಕೆಡವಲಾಗಿತ್ತು, ಪಂಚಾಯತಿಯ ಕೈಯಿಂದ ಶಿಕ್ಷಣ, ಆರೋಗ್ಯ, ಮೀನುಗಾರಿಕೆಯ ಅಧಿಕಾರ ಕಿತ್ತುಕೊಳ್ಳಲಾಗಿತ್ತು. ಆಗ ಕಣ್ಣಾರೆ ನೋಡಲು ಹೊರಟ ಕೇರಳದ ಸಂಸದರಿಗೆ ಪ್ರವೇಶ ಸಿಗಲಿಲ್ಲ. 2025ರ ಜುಲೈನಲ್ಲಿ ನಮ್ಮ ಹಳೆಯ ಜಿಲ್ಲೆಯ ಬಿತ್ರಾವನ್ನು ರಕ್ಷಣಾ ಉದ್ದೇಶಕ್ಕೆ ಇಡಿಯಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾಪವೂ ಹೊರಬಿತ್ತು. ಜನಪ್ರತಿನಿಧಿಗೆ ಮುಚ್ಚಿದ ಬಾಗಿಲು ರೆಸಾರ್ಟಿಗೆ ತೆರೆಯುತ್ತದೆ ಎಂದರೆ ಅಗುಳಿ ಹೊರಗಡೆಯಿಂದ ಹಾಕಿದ್ದು ಎಂದರ್ಥ.

ಅದಕ್ಕೆ ಮದ್ದು ಅಗುಳಿ ಕೀಳುವುದಲ್ಲ, ಅದನ್ನು ಒಳಗಡೆಗೆ ಹಾಕಿಸುವುದು. ಯಾವ ದ್ವೀಪಕ್ಕೆ ಎಷ್ಟು ಮಂದಿ, ಯಾವ ದಿಬ್ಬದ ಬಳಿ ಈ ವರ್ಷ ಸ್ನಾರ್ಕ್ಲಿಂಗ್ ಬೇಡ, ಎಲ್ಲಿ ಕೋಣೆ ಕಟ್ಟಬಾರದು, ಇದನ್ನೆಲ್ಲ ಅಲ್ಲಿನ ಪಂಚಾಯತಿ ಹೇಳಲಿ. ಹವಳ ಬೆಳ್ಳಗಾದ ವರ್ಷ "ಈ ಸಲ ಬರಬೇಡಿ" ಎನ್ನುವ ಅಧಿಕಾರ ಅವರಿಗಿರಲಿ. ಹಡಗಿನ ಟಿಕೆಟ್ಟಿನ ಜೊತೆ ಸೂರ್ಯೋದಯದ ವೇಳೆ ಕೊಡುವವರು, ಆ ದ್ವೀಪದ ಬಾವಿಗಳ ಸ್ಥಿತಿಯನ್ನೂ ಒಂದು ಸಾಲಿನಲ್ಲಿ ತಿಳಿಸಲಿ. ಅದನ್ನು ಕೇಳಿ ಪಡೆಯುವುದು ಹೋಗುವ ನಮ್ಮ ಕೆಲಸ. ಇದೇ ಮಾತು ಅಕ್ಕೂರಿನ ಫಾರ್ಮ್‌ಹೌಸಿಗೂ ಸಲ್ಲುತ್ತದೆ. ಕೊಳಕ್ಕೆ ಎಷ್ಟು ನೀರು ಎಂದು ನಮ್ಮ ಗ್ರಾಮಸಭೆ ಒಮ್ಮೆಯಾದರೂ ಕೇಳಬೇಡವೇ?

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಅವನ ಗೆಳೆಯನೂ ಹೆಂಡತಿಯೂ ಅದೇ ಹಡಗಿನಲ್ಲಿ ಹೋಗಬೇಕಂತೆ, ಪರ್ಮಿಟ್ ಅರ್ಜಿ ತುಂಬಲು ನನ್ನ ಸಹಾಯ ಬೇಕಂತೆ. ತುಂಬಿಕೊಡುತ್ತೇನೆ ಅಂದೆ. ಒಂದು ಷರತ್ತು ಹಾಕಿದ್ದೇನೆ. ವಾಪಸು ಬಂದಾಗ ಅಕ್ಕೂರಿಗೆ ಬಂದು, ಅಲ್ಲಿನವರು ಕುಡಿಯುವ ನೀರು ಎಲ್ಲಿಂದ ಬರುತ್ತದೆಂದು ಅವರನ್ನೇ ಕೇಳಿ ತಿಳಿದದ್ದನ್ನು ಅಜ್ಜಿಗೆ ಹೇಳಬೇಕು.