ಸಂಬಳ ಅರಸನದು, ನುಡಿ ಯಾರದು?

1984ರ ಅಕ್ಟೋಬರ್ 31. ನಾನಾಗ ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದೆ. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಬೆಳಿಗ್ಗೆ ಗುಂಡೇಟು ಬಿದ್ದ ಸುದ್ದಿ ಊರಲ್ಲೆಲ್ಲ ಹಬ್ಬಿತ್ತು. ಅವರು ಬದುಕಿದ್ದಾರೆಯೇ, ಇಲ್ಲವೇ? ಹತ್ತಾರು ಹುಡುಗರು ಒಂದೇ ಟ್ರಾನ್ಸಿಸ್ಟರ್ ಸುತ್ತ ಕೂತಿದ್ದೆವು. ಮುಳ್ಳು ತಿರುಗಿಸಿದ್ದು ಆಕಾಶವಾಣಿಗಲ್ಲ, ಬಿಬಿಸಿಗೆ. ನಿಧನದ ಸುದ್ದಿಯನ್ನು ಆಕಾಶವಾಣಿ ಹೇಳಿದ್ದು ಸಂಜೆಗೆ. ಬಿಬಿಸಿ ಅದಕ್ಕೆ ಮೊದಲೇ ಹೇಳಿಯಾಗಿತ್ತು.

ಆಗ ನನಗೊಂದು ಸಂಗತಿ ಗೊತ್ತಿರಲಿಲ್ಲ. ಬಿಬಿಸಿಯ ವಿದೇಶಿ ಪ್ರಸಾರವೂ ಸರ್ಕಾರದ ದುಡ್ಡಿನಲ್ಲೇ ನಡೆಯುತ್ತಿತ್ತು. ಬ್ರಿಟನ್ನಿನ ವಿದೇಶಾಂಗ ಇಲಾಖೆ ಅದಕ್ಕೆ ಅನುದಾನ ಕೊಡುತ್ತಿತ್ತು. ಎರಡೂ ಸರ್ಕಾರದ ಅನ್ನ ಉಂಡವೇ. ಆದರೂ ನಮ್ಮ ಮನೆಯ ಸಾವಿನ ಸುದ್ದಿಗೆ ಪರದೇಶದ ದನಿಯನ್ನು ನಾವೇಕೆ ನಂಬಿದೆವು?

ಉತ್ತರ 1956ರ ಸೂಯೆಜ್ ಬಿಕ್ಕಟ್ಟಿನಲ್ಲಿದೆ. ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ದಾಳಿ ಮಾಡಿದವು. ಅರಬ್ಬರಿಗೆ ಸುದ್ದಿ ಮುಟ್ಟಿಸಲು ಆಗ ಬ್ರಿಟನ್ನಿನ ಕೈಯಲ್ಲಿ ಎರಡು ದನಿಗಳಿದ್ದವು. ಒಂದು, ಸೈಪ್ರಸ್ಸಿನಿಂದ ಪ್ರಸಾರವಾಗುತ್ತಿದ್ದ ಶರ್ಕ್ ಅಲ್ ಅದ್ನಾ. ಸಂಗೀತ, ಕುರಾನ್ ಪಠಣ, ಸುದ್ದಿಗಳಿಂದ ಅರಬ್ ಮನೆಗಳಲ್ಲಿ ಜನಪ್ರಿಯವಾಗಿದ್ದ ಕೇಂದ್ರವದು. ಯುದ್ಧದ ಹೊತ್ತಿಗೆ ಸರ್ಕಾರ ಅದನ್ನು ನೇರವಾಗಿ ವಶಕ್ಕೆ ತೆಗೆದುಕೊಂಡು ‘ಬ್ರಿಟನ್ನಿನ ಧ್ವನಿ’ ಎಂದು ಹೆಸರಿಟ್ಟಿತು. ಅರಬ್ ನೌಕರರು ಕೆಲಸ ಬಿಟ್ಟು ಹೊರನಡೆದರು. ವರ್ಷಗಟ್ಟಲೆ ಗಳಿಸಿದ ನಂಬಿಕೆ ಕೆಲವೇ ದಿನಗಳಲ್ಲಿ ಕರಗಿತು, ಕೆಲವೇ ತಿಂಗಳಲ್ಲಿ ಕೇಂದ್ರವೂ ನಿಂತಿತು.

ಇನ್ನೊಂದು ದನಿ ಬಿಬಿಸಿ. ಪ್ರಧಾನಿ ಈಡನ್ ಅವರ ಯುದ್ಧವನ್ನು ವಿರೋಧ ಪಕ್ಷದ ನಾಯಕ ಗೇಟ್‌ಸ್ಕೆಲ್ ಖಂಡಿಸಿದ್ದನ್ನೂ ಅದು ಲೋಕಕ್ಕೆ ತಿಳಿಸಿತು. ಸರ್ಕಾರ ಕೆರಳಿತು, ಅನುದಾನ ಕಡಿತದ ಬೆದರಿಕೆ ಹಾಕಿತು, ತನ್ನ ಅಧಿಕಾರಿಯೊಬ್ಬರನ್ನು ಬಿಬಿಸಿ ಕಚೇರಿಯಲ್ಲಿ ಕೂರಿಸಿತು. ಬಿಬಿಸಿ ಬಗ್ಗಲಿಲ್ಲ. ತನ್ನ ದೇಶದ ಜಗಳವನ್ನೇ ಮುಚ್ಚಿಡದವರು ಪರರ ಸುದ್ದಿಯನ್ನೂ ತಿರುಚಲಾರರು ಎಂದು ಕೇಳುಗರು ನಂಬಿದರು. ಬಿಬಿಸಿಯೇನೂ ಕಳಂಕವಿಲ್ಲದ್ದಲ್ಲ. ಇರಾನಿನ ತೈಲ ವಿವಾದದಲ್ಲಿ ಅದು ಸರ್ಕಾರದ ಪರ ದನಿಯಾಯಿತೆಂಬ ದೂರು ಇಂದಿಗೂ ಇದೆ. ಅಲ್ಲಿ ಬಗ್ಗಿದ್ದಕ್ಕೆ ಅದು ನಂಬಿಕೆಯಲ್ಲೇ ಬೆಲೆ ತೆತ್ತಿತು.

ಅಮೆರಿಕದ್ದು ಇತ್ತೀಚಿನ ಕಥೆ. ವಾಯ್ಸ್ ಆಫ್ ಅಮೆರಿಕ 1942ರಲ್ಲಿ ಶುರುವಾಯಿತು. ಅದರ ಸುದ್ದಿ ನಿಖರವೂ ವಸ್ತುನಿಷ್ಠವೂ ಆಗಿರಬೇಕೆಂದು 1976ರಲ್ಲಿ ಕಾನೂನೇ ಬಂತು. ಆದರೂ 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಅವರ ಒಂದು ಆದೇಶ ಸಾಕಾಯಿತು. ಸಾವಿರಕ್ಕೂ ಹೆಚ್ಚು ನೌಕರರನ್ನು ರಜೆಯ ಮೇಲೆ ಮನೆಗೆ ಕಳಿಸಿದರು. ಎಂಟು ದಶಕಗಳ ದನಿ ಏಕಾಏಕಿ ಅಡಗಿತು.

ನಮ್ಮಲ್ಲಿ ಏನಾಗಿದೆ? 1990ರ ದಶಕದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಆಕಾಶವಾಣಿಯ ವಿದೇಶಿ ಪ್ರಸಾರಕ್ಕೆಂದು 500 ಕಿಲೋವ್ಯಾಟ್‌ನ ಟ್ರಾನ್ಸ್‌ಮಿಟರ್‌ಗಳನ್ನು ಹಾಕಿದರು. ಇಂಜಿನಿಯರನಾಗಿ ನನಗದು ಹೆಮ್ಮೆ. 1997ರಲ್ಲಿ ಪ್ರಸಾರ ಭಾರತಿಗೆ ಸ್ವಾಯತ್ತತೆಯ ಹೆಸರೂ ಸಿಕ್ಕಿತು. ಆದರೆ ಹಣಕ್ಕೆ ಇಂದಿಗೂ ಕೇಂದ್ರದ ಅನುದಾನವೇ ಆಧಾರ. ಕಿಲೋವ್ಯಾಟ್ ದನಿಯನ್ನು ಸಮುದ್ರ ದಾಟಿಸುತ್ತದೆ, ಕೇಳುವವನ ಎದೆಗೆ ಇಳಿಸುವುದಿಲ್ಲ.

ಜನರ ತೆರಿಗೆ ಹಣ ತಾನೇ, ಸರ್ಕಾರ ಕೇಳಬಾರದೇ ಎಂದು ಕೆಲವರು ವಾದಿಸುತ್ತಾರೆ. ಲೆಕ್ಕ ಕೇಳಲಿ, ಸುದ್ದಿ ಬರೆಸುವುದು ಬೇಡ. ನಾನು ಜೀವಮಾನವಿಡೀ ಸರ್ಕಾರದ ಸಂಬಳ ಉಂಡವನು. ಆದರೆ ಎಂ.ಬಿ.ಯಲ್ಲಿ ಬರೆಯಬೇಕಾದ್ದು ಟೇಪು ತೋರಿಸಿದ ಅಳತೆಯನ್ನೇ, ಮೇಲಿನವರು ಬಯಸಿದ ಅಳತೆಯನ್ನಲ್ಲ. ಆ ಅಳತೆ ಸುಳ್ಳಾದರೆ ಸೇತುವೆ ಸರ್ಕಾರದ ಮೇಲೆ ಬೀಳುವುದಿಲ್ಲ, ಜನರ ಮೇಲೆ ಬೀಳುತ್ತದೆ.

ಈ ಮಾತು ಶರಣರಿಗೆ ಹೊಸತಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿ. ಕಾಯಕ ಅರಮನೆಯದಾದರೂ ನುಡಿ ಅರಮನೆಯದಾಗಲಿಲ್ಲ. ಹರಳಯ್ಯ, ಮಧುವರಸರ ಮನೆಗಳ ನಡುವಿನ ಮದುವೆಯ ವಿಷಯದಲ್ಲಿ ಅವರು ಅರಸನ ಮುಖ ನೋಡಲಿಲ್ಲ. ಅದಕ್ಕಿಂತ ಹೆಚ್ಚಿನ ಪಾಠ ಮಹಾಮನೆಯಲ್ಲಿದೆ. ಅಲ್ಲಿ ದಾಸೋಹ ನಡೆಸಿದವರು ಬಸವಣ್ಣ, ಆದರೆ ಶೂನ್ಯಪೀಠದಲ್ಲಿ ಕೂತವರು ಅಲ್ಲಮಪ್ರಭು. ಉಣಬಡಿಸಿದ ಕೈ ಪೀಠವನ್ನು ಕೇಳಲಿಲ್ಲ, ಪೀಠದಲ್ಲಿದ್ದವರು ಉಂಡ ಋಣಕ್ಕೆ ಪ್ರಶ್ನೆ ನುಂಗಲಿಲ್ಲ. ಕೊಟ್ಟೆನೆಂಬ ಭಾವ ಬಂದ ಕೂಡಲೇ ಅದು ದಾಸೋಹವಲ್ಲ, ವ್ಯಾಪಾರ. ಪ್ರಸಾರಕ್ಕೆ ಕೊಡುವ ಹಣವೂ ದಾಸೋಹದ ಹಣದಂತಿರಬೇಕು.

ಹಾಗಾಗಿ ಸರ್ಕಾರಕ್ಕೆ ನನ್ನದೊಂದು ಒತ್ತಾಯ: ಪ್ರಸಾರ ಭಾರತಿಯ ಅನುದಾನವನ್ನು ವರ್ಷವರ್ಷ ಕೈಚಾಚಿ ಪಡೆಯುವಂತಿರದೆ, ಹಲವು ವರ್ಷಗಳಿಗೆ ಕಾನೂನಿನಿಂದಲೇ ನಿಗದಿ ಮಾಡಬೇಕು. ಸುದ್ದಿಯ ಹೊಣೆ ಹೊತ್ತವರನ್ನು ಸರ್ಕಾರ ತನ್ನಿಷ್ಟಕ್ಕೆ ಎತ್ತಂಗಡಿ ಮಾಡುವಂತಿರಬಾರದು.

ನಮಗೂ ಒಂದು ಪ್ರಶ್ನೆ ಇದೆ. ಈ ಪತ್ರಿಕೆಯೂ ಮಠಗಳ ಹಾಗೂ ದಾನಿಗಳ ನೆರವಿನಿಂದ ನಡೆಯುತ್ತದೆ. ಮಠವೊಂದರ ಆಡಳಿತ ಶರಣ ತತ್ತ್ವದಿಂದ ಜಾರಿದಾಗ ಅದನ್ನು ಇಲ್ಲಿ ಅಚ್ಚು ಮಾಡುತ್ತೇವೆಯೇ? ಮಾಡಿದರೆ ನಮ್ಮ ಹೊಗಳಿಕೆಗೂ ಬೆಲೆ ಬರುತ್ತದೆ. ಮಾಡದಿದ್ದರೆ ನಮ್ಮ ಭಕ್ತರೂ ಒಂದು ದಿನ ಮುಳ್ಳನ್ನು ಬೇರೆ ಕಡೆ ತಿರುಗಿಸಿಯಾರು. ಅಂದು ಆ ಪ್ರಸಾದ ನಿಲಯದಲ್ಲಿ ನಾವು ಮಾಡಿದ್ದೂ ಅದನ್ನೇ.